ಜೋಡಿ ಸೈಕಲಿನ ಹಿಂದಿನ ಸೀಟು

ಪುಣೆಗೆ ಹೊರಟ ರೈಲಿನಿಂದ,
ಜನವರಿ ೧೧, ಭಾನುವಾರ

ಪ್ರೀತಿಯ ಕುಂದಾ,

ಹೇಗಿದ್ದೀಯೇ? ಮಗಳಿಗೆ ಹಲ್ಲು ಬಂತಾ? ಊರೂರಿಂದ ಬರೀತೀನಿ ಅಂದವಳು ಒಂದು ಸಾಲೂ ಬರೆಯಲಿಲ್ಲ, ಬೈಯಬೇಡ. ಸಂಜೆ ಸೈಕಲ್ ಇಳಿದರೆ ಬೆರಳು ಮಡಚೋಕೇ ಆಗುತ್ತಿರಲಿಲ್ಲ, ಇನ್ನು ಬ್ರೈಲ್ ಹಲಗೆ ಎಲ್ಲಿ ಹಿಡಿಯಲಿ? ಈಗಲೂ ಕೈ ಊದಿಕೊಂಡೇ ಇದೆ. ರೈಲಿನ ಕುಲುಕಾಟಕ್ಕೆ ಚುಕ್ಕೆಗಳು ಅಡ್ಡಾದಿಡ್ಡಿ ಬಿದ್ದಿದ್ದರೆ ಹೇಗೋ ಓದಿಕೋ.

ಮೊದಲು ಒಳ್ಳೇ ಸುದ್ದಿ. ಮುಟ್ಟಿದೆವು ಕಣೇ! ಪುಣೆಯಿಂದ ಕನ್ಯಾಕುಮಾರಿವರೆಗೆ, ಒಂದು ಗೇಣೂ ಬಿಡದೆ. ಸುಸ್ತಾದವರನ್ನು ಹತ್ತಿಸಿಕೊಳ್ಳೋಕೆ ಹಿಂದೆ ಒಂದು ಟೆಂಪೋ ಬರುತ್ತಿತ್ತು. ಕಣ್ಣಿದ್ದವರೇ ಎಷ್ಟೋ ಜನ ಅದರಲ್ಲಿ ಕೂತರು, ನಾನು ಕೂರಲಿಲ್ಲ. ನಮ್ಮ ಗುಂಪಿನ ಮುಖ್ಯಸ್ಥರು ದಿಗಂಬರ ಕಾಕಾ, ಸೀಟಿ ಊದಿಯೇ ಎಲ್ಲರನ್ನೂ ನಡೆಸುವವರು. ಅವರ ಹೆಂಡತಿ ಮಂದಾ ಕಾಕೂ. ತಮಿಳುನಾಡು ಹೊಕ್ಕ ಮೇಲೆ ದಿನಾ ಬೆಳಿಗ್ಗೆ ಇಡ್ಲಿ ಮುಂದೆ ಕೂತು, "ಯಾರಾದ್ರೂ ಒಂದು ಜೋಳದ ಭಾಕರಿ ಕೊಡ್ರೋ, ನನ್ನ ಸೈಕಲ್ಲು, ಬೇಕಾದ್ರೆ ಗಂಡನ್ನೂ ಬಿಟ್ಟುಕೊಡ್ತೀನಿ" ಅನ್ನುತ್ತಿದ್ದರು.

ಜೋಡಿ ಸೈಕಲಿನಲ್ಲಿ ಮುಂದೆ ನಚಿಕೇತ, ಹಿಂದೆ ನಾನು. ನಾನು ಆಸ್ಪತ್ರೆಯಲ್ಲಿ ಫೋನ್ ಎತ್ತುತ್ತೀನಲ್ಲ, ಅವನೂ ಅಲ್ಲೇ ಲೆಕ್ಕದ ವಿಭಾಗದಲ್ಲಿದ್ದಾನೆ. ಒಳ್ಳೆಯವನು. "ಹಳ್ಳ ಬಂತು", "ಎಮ್ಮೆ", "ಈಗ ತುಳಿ" ಅಂತ ದಾರಿಯುದ್ದಕ್ಕೂ ಹೇಳುತ್ತಲೇ ಇದ್ದ. ಎರಡೂ ಪೆಡಲಿಗೆ ಒಂದೇ ಚೈನು ನೋಡು, ಅವನ ಕಾಲು ಸೋತರೆ ನನಗೆ ತಕ್ಷಣ ಗೊತ್ತಾಗುತ್ತಿತ್ತು. ಕೊನೆಯ ದಿನ ನಾಗರಕೋಯಿಲಿಗೆ ಮುಂಚೆ ಕಣಿವೆಯ ಅಡ್ಡಗಾಳಿ ನಮ್ಮನ್ನು ರಸ್ತೆಯಿಂದಲೇ ತಳ್ಳುತ್ತಿತ್ತು. ಇಬ್ಬರೂ ಒಟ್ಟಿಗೆ ಗಾಳಿಯ ಕಡೆ ವಾಲಿ ತುಳಿದೆವು. ಯಾರ ಕೈಯನ್ನೂ ಹಿಡಿಯದೆ ಅಷ್ಟು ಜೋರಾಗಿ ನಾನು ಬದುಕಿನಲ್ಲಿ ಯಾವತ್ತೂ ಹೋಗಿರಲಿಲ್ಲ. ನಕ್ಕೂ ನಕ್ಕೂ ಬಾಯೆಲ್ಲ ಧೂಳಾಯಿತು.

ಸಮುದ್ರದ ಹತ್ತಿರ ಇಳಿದಾಗ ಎಲ್ಲರೂ ಕೂಗಾಡುತ್ತಿದ್ದರು. ಕಾಕಾ ಸೀಟಿ ಊದಿದರು. ಒಮ್ಮೆಲೇ ಸದ್ದಡಗಿತು. ಆಮೇಲೆ ನಚಿಕೇತನ ದನಿ ನನ್ನ ಮೊಣಕಾಲ ಹತ್ತಿರದಿಂದ ಬಂತು. ಚೈನು ಸರಿ ಮಾಡುತ್ತಿದ್ದಾನೆ ಅಂದುಕೊಂಡೆ.

"ಶರಯೂ, ಇನ್ನು ಬದುಕೆಲ್ಲ ಹೀಗೇ. ನಾನು ಮುಂದೆ, ನೀನು ಹಿಂದೆ. ಆಗಬಹುದಾ?"

ಚಪ್ಪಾಳೆ. ಸುತ್ತ ಎಷ್ಟು ಜನ ಸೇರಿದ್ದರೋ, ಗುರುತಿಲ್ಲದ ದನಿಗಳೂ ಇದ್ದವು. ಯಾರೋ ನನ್ನ ಎಡಗೈ ಹಿಡಿದು ಮುಂದೆ ಚಾಚಿದರು. "ಹೂಂ ಅನ್ನೇ ಹುಚ್ಚಿ, ವಿಡಿಯೊ ಓಡ್ತಿದೆ!" ಅಂದರು ಕಾಕೂ. "ಏನು ನಡೀತಿದೆ ಇಲ್ಲಿ?" ಅಂದೆ. ಎಲ್ಲರೂ ಗೊಳ್ಳೆಂದು ನಕ್ಕರು. ನಾಚಿಕೆಯಂತೆ! ಅಷ್ಟರಲ್ಲಿ ಉಂಗುರವನ್ನು ತಿರುಚಿ ತಿರುಚಿ ತೂರಿಸಿಯೂ ಆಗಿತ್ತು. ಕಿವಿಗೆ ಫೋನು ಬಂತು. ಪುಣೆಯಿಂದ ನನ್ನ ಹೆತ್ತ ಆಯಿ, ಅಳುತ್ತಿದ್ದಳು. "ಇನ್ನು ನಾನು ನೆಮ್ಮದಿಯಾಗಿ ಕಣ್ಣು ಮುಚ್ತೀನಿ ಮಗಾ."

ನಾನು ಹೂಂ ಅನ್ನಲಿಲ್ಲ ಕುಂದಾ. ಇಲ್ಲ ಅಂತಲೂ ಅನ್ನಲಿಲ್ಲ. ಅಳುತ್ತಿರುವ ಆಯಿಗೆ ಅಷ್ಟು ಜನರ ಎದುರು ಏನು ಹೇಳಲಿ?

ಲಾಡ್ಜಿಗೆ ಬಂದು ನಲ್ಲಿ ಕೆಳಗೆ ಸೋಪು ಹಚ್ಚಿ ಎಳೆದೆ, ಉಂಗುರ ಬರಲಿಲ್ಲ. ಊದಿದ ಬೆರಳಿನಲ್ಲಿ ಹೂತು ಕೂತಿದೆ. ಕಾಕೂ ಬಂದು ನಲ್ಲಿ ನಿಲ್ಲಿಸಿದರು. "ಏನೇ ಇದು, ಹಾಕಿದ ದಿನವೇ ತೆಗೀತಾರಾ? ಅಳತೆ ಸರಿಯಾಗೇ ಇದೆ. ನಿಮ್ಮ ಆಯಿನೇ ಕೊಟ್ಟಿದ್ದು."

"ಆಯಿಗೆ ಮೊದಲೇ ಗೊತ್ತಿತ್ತಾ?"

"ಆಯಿಗೇನು, ನಮ್ಮೆಲ್ಲರಿಗೂ ಗೊತ್ತಿತ್ತು. ಪುಣೆ ಬಿಡೋಕೆ ಮುಂಚೇನೇ ಮಾತಾಗಿತ್ತು. ಇಷ್ಟು ದಿನ ಬಾಯಿ ಕಟ್ಟಿಕೊಂಡು ನನಗೆ ಹೊಟ್ಟೆ ಉಬ್ಬರಿಸಿ ಹೋಗಿತ್ತು ಮಾರಾಯ್ತಿ!"

ದಾರಿಯಲ್ಲಿ ನಾನು ಹತ್ತಿರ ಹೋದರೆ ಚಹಾದ ಅಂಗಡಿಯಲ್ಲಿ ಅವರ ಮಾತು ನಿಲ್ಲುತ್ತಿತ್ತು. ಕುರುಡಿ ಮುಂದೆ ಜನ ಹಾಗೆ ಸುಮ್ಮನಾಗುವುದು ನನಗೆ ಹೊಸದೇ? ತಲೆ ಕೆಡಿಸಿಕೊಂಡಿರಲಿಲ್ಲ. ನಾನು ಸೈಕಲ್ ತುಳಿಯುತ್ತಿದ್ದೆ. ಅವರು ನನ್ನನ್ನು ಗಂಡನ ಮನೆಗೆ ಕರೆದೊಯ್ಯುತ್ತಿದ್ದರು.

ರೈಲು ಹತ್ತಿದ ಮೇಲೆ ನಚಿಕೇತನಿಗೆ ನೇರವಾಗಿಯೇ ಹೇಳಿದೆ. "ನಾನು ಒಪ್ಪಿಲ್ಲ. ನಿನ್ನ ಮೇಲೆ ಸಿಟ್ಟಿಲ್ಲ. ಆದರೆ ಮದುವೆ ಬೇಡ."

ಅವನು ಮಗುವಿಗೆ ಹೇಳುವ ಹಾಗೆ, "ದಣಿದಿದ್ದೀಯ, ಮಲಗು. ಊರಿಗೆ ಹೋಗಿ ಮಾತಾಡೋಣ" ಅಂದ.

"ಊರಿಗೆ ಹೋದ ಮೇಲೂ ಇದನ್ನೇ ಹೇಳ್ತೀನಿ."

"ಶರಯೂ, ನಾನಲ್ಲದೆ ಇನ್ಯಾರು ನಿನ್ನನ್ನು ಹಿಂದೆ ಕೂರಿಸಿಕೊಂಡು ಹೋಗ್ತಾರೆ, ಹೇಳು?"

ಅವನು ಹಂಗಿಸಲಿಲ್ಲ, ಪಾಪ, ನಿಜವಾಗಿಯೂ ಕೇಳಿದ. ಆ ಗಾಳಿ, ಆ ವೇಗ, ಎಲ್ಲ ಅವನ ಬೆನ್ನ ಹಿಂದೆಯೇ ಸಿಕ್ಕಿದ್ದಲ್ಲವಾ? ಬೇಡ ಅಂದರೆ ಅದೂ ಹೋಗುತ್ತದೆ.

ಈಗ ಎದುರಿನ ಸೀಟಿನಲ್ಲಿ ಕೂತು ಚಿವಡಾ ತಿನ್ನುತ್ತಿದ್ದಾನೆ. "ಕುಂದಾಗೆ ಸುದ್ದಿ ಬರೀತಿದ್ದೀಯಾ?" ಅಂತ ಕೇಳಿದ. ಹೂಂ ಅಂದೆ. "ನನ್ನದೂ ನಮಸ್ಕಾರ ಬರಿ" ಅಂದ. ಬರೆದಿದ್ದೀನಿ. ಈ ಬೋಗಿಯ ತುಂಬ ನಮ್ಮವರೇ, ಆದರೆ ಈ ಕಾಗದ ಓದಬಲ್ಲವರು ಒಬ್ಬರೂ ಇಲ್ಲ. ನನಗೆ ಉಳಿದಿರುವ ಬಾಗಿಲು ಹಾಕಿಕೊಳ್ಳೋ ಕೋಣೆ ಇದೊಂದೇ.

ಪುಣೆ ಸ್ಟೇಷನ್ನಿಗೆ ಢೋಲು ತರಿಸಿದ್ದಾರಂತೆ. ಆಯಿ ಆರತಿ ತಟ್ಟೆ ಹಿಡಿದು ಬರುತ್ತಾಳಂತೆ. ಅವಳಿಗೆ ಅಲ್ಲೇ ಹೇಳಿಬಿಡುತ್ತೇನೆ. ಢೋಲು ನಿಲ್ಲಿಸಿಯಾದರೂ ಸರಿ. ಈ ಸಾಲನ್ನು ಒತ್ತಿ ಒತ್ತಿ ಬರೆದಿದ್ದೀನಿ, ನಿನ್ನ ಬೆರಳಿಗೇ ತಿಳಿಯುತ್ತದೆ.

ನಿನ್ನ ಮಗಳು ನೂರು ವರ್ಷ ಸುಖವಾಗಿ ಬಾಳಲಿ. ಯಾರೂ ಅವಳನ್ನು ಕೇಳದೆ ಅವಳ ಬೆರಳಿನ ಅಳತೆ ತೆಗೆಯದಿರಲಿ.

ನಿನ್ನ,
ಶರಯೂ

ಮರೆತಿದ್ದೆ: ರೈಲು ಹತ್ತೋಕೆ ಮುಂಚೆ ಆಯಿ ಮತ್ತೆ ಫೋನ್ ಮಾಡಿ, ಅಳುತ್ತಲೇ ಇನ್ನೊಂದು ಮಾತು ಹೇಳಿದಳು. "ಕುಂದಾನೂ ಹೇಳಿದ್ದಳು ಕಣೇ, ಮನೇಲಿ ಕೇಳಿದ್ರೆ ಒಪ್ಪಲ್ಲ, ಎಲ್ಲರೆದುರು ಕೇಳಲಿ ಅಂತ." ಆಯಿ ಸುಳ್ಳು ಹೇಳಿದಳು ಅಂತ ಬರಿ, ಕುಂದಾ. ಬೇರೇನೂ ಬರೆಯದಿದ್ದರೂ ಸರಿ, ಅಷ್ಟು ಬರಿ.