ಮುಂಗುಸಿ ಬಂದ ಮಧ್ಯಾಹ್ನ

ಶುಕ್ರವಾರ, ಮಾರ್ಚ್ ೧೪

ನನ್ನ ಅತ್ತೆಯ ಮಗನಾದ ನಿಮಗೆ,

ಹೀಗೆ ಕರೆದದ್ದಕ್ಕೆ ಸಿಟ್ಟಾಗಬೇಡಿ. ನೀವು ಮನೆ ಬಿಟ್ಟು ಎರಡು ವರ್ಷವಾಯಿತು; ನಮ್ಮ ನಡುವೆ ಯಾರೂ ಅಲ್ಲಗಳೆಯಲಾಗದ ಸಂಬಂಧ ಇದೊಂದೇ ಉಳಿದಿದೆ. ಕ್ಷೇಮವೆಂದು ಬರೆಯುವಂಥದ್ದೇನೂ ಇಲ್ಲ. ನಿಮ್ಮ ಅಮ್ಮನ ಕೋಳಿಗಳು ಹೋದವು. ಏಳಕ್ಕೆ ಏಳೂ.

ನೀವು ವೆಲ್ಡಿಂಗ್ ಅಂಗಡಿಯಿಂದ ತುಂಡು ಕಬ್ಬಿಣ ತಂದು ಹಿತ್ತಲಲ್ಲಿ ಕಟ್ಟಿದ ಗೂಡು ಗಟ್ಟಿಯಾಗಿಯೇ ಇತ್ತು. ಅದರ ಸುತ್ತಲಿನ ಪ್ಲಾಸ್ಟಿಕ್ ಬಲೆಯದೇ ತೊಂದರೆ. ಕಳೆದ ಮಳೆಗಾಲ ಮುಗಿಯುತ್ತಿದ್ದಂತೆ ಮುಂಗುಸಿಯೊಂದು ಹಿತ್ತಲಿಗೆ ಬರುವುದನ್ನು ರೂಢಿಮಾಡಿಕೊಂಡಿತು. ಬಲೆ ಹರಿದು ಮೊದಲು ಮರಿಗಳನ್ನು ಒಯ್ದಿತು. ಎದುರುಮನೆಯ ಬಸ್ ಡ್ರೈವರ್ ಹೇಳಿದ ಮೇಲೆ ದಪ್ಪ ತಂತಿಯ ಬಲೆ ತಂದೆ. ಬಟ್ಟೆ ಕತ್ತರಿಸಿ ರೂಢಿಯಾದ ಕೈ ನನ್ನದು, ತಂತಿ ಮಾತು ಕೇಳಲಿಲ್ಲ. ಬೆರಳೆಲ್ಲ ಗೀರಿಕೊಂಡು, ಗಿರಾಕಿಗಳ ಬಟ್ಟೆಗೆ ರಕ್ತ ತಾಗದಂತೆ ವಾರವಿಡೀ ಹೊಲಿದೆ.

ಆಮೇಲೆ ಅದು ನೆಲ ತೋಡತೊಡಗಿತು. ಗೂಡಿನ ಸುತ್ತ ಮೊಣಕೈ ಆಳ ಅಗೆದು, ಬಲೆಯ ಅಂಚು ಹೂತು, ಮೇಲೆ ಕಲ್ಲು ಜೋಡಿಸಿದೆವು. ಜೋಡಿಸಿದವಳು ನಾನು, ಅತ್ತೆ ಸ್ಟೂಲಿನ ಮೇಲೆ ಕೂತು ಮೇಸ್ತ್ರಿಕೆ ಮಾಡಿದರು. "ಅಲ್ಲಿ ಸಂದು ಇದೆ ನೋಡೇ. ನಿನ್ನ ಮೂಗೇ ತೂರುತ್ತೆ, ಮುಂಗುಸಿ ತೂರಲ್ವಾ?" ಎನ್ನುತ್ತಿದ್ದರು. ಮೊಟ್ಟೆಯಿಡದೆ ದಿನವಿಡೀ ಕೂಗಾಡುವ ಕೆಂಪು ಕೋಳಿಗೆ ನನ್ನ ಹೆಸರನ್ನೇ ಇಟ್ಟಿದ್ದರು. ಆ ದಿನಗಳಲ್ಲಿ ನಾವಿಬ್ಬರೂ ನಗುತ್ತಿದ್ದೆವು, ನಿಮಗೆ ತಿಳಿದಿರಲಿ.

ನಾಲ್ಕು ತಿಂಗಳು ಒಂದು ಗರಿಯೂ ಕೊಂಕಲಿಲ್ಲ.

ಹೋದ ತಿಂಗಳು, ಒಂದು ಮಂಗಳವಾರದ ಮಧ್ಯಾಹ್ನ, ಗೂಡಿನಲ್ಲಿ ಗಲಾಟೆ ಎದ್ದಿತು. ನಾನು ಬೀದಿಬಾಗಿಲಲ್ಲಿದ್ದೆ. ಅದೆಲ್ಲಿಂದ ನುಗ್ಗಿತೋ ಗೊತ್ತಿಲ್ಲ ಎಂದು ಎಲ್ಲರಿಗೂ ಹೇಳಿದ್ದೇನೆ. ನಾನು ಓಡಿ ಬರುವಷ್ಟರಲ್ಲಿ ಅತ್ತೆ ಪೊರಕೆ ಹಿಡಿದು ಹಿತ್ತಲಿಗೆ ಇಳಿದಿದ್ದರು. ಮುಂಗುಸಿ ಅವರ ಕಾಲಸಂದಿಯಲ್ಲೇ ನುಸುಳಿ ಓಡಿತಂತೆ. ಬೆಚ್ಚಿ ಹಿಂದೆ ಸರಿದವರು ಕಲ್ಲುಗಳ ಮೇಲೆ ಬಿದ್ದರು. ಅದು ಒಂದನ್ನೂ ತಿಂದಿರಲಿಲ್ಲ. ಕತ್ತು ಕಚ್ಚಿ ಎಲ್ಲವನ್ನೂ ಅಲ್ಲಲ್ಲೇ ಬಿಟ್ಟಿತ್ತು.

ಅತ್ತೆಯ ಸೊಂಟದ ಮೂಳೆ ಮುರಿದಿದೆ. ಆಪರೇಷನ್ನನ್ನು ಅವರ ಹೃದಯ ತಾಳುವುದಿಲ್ಲ, ಇನ್ನು ನಡೆಯುವ ಮಾತಿಲ್ಲ ಎಂದರು ಡಾಕ್ಟರು. ಬೆನ್ನಿನಲ್ಲಿ ಹುಣ್ಣಾಗಿದೆ. ಎರಡು ತುತ್ತು ಹೋದರೆ ಹೆಚ್ಚು. ಹೊಲಿಗೆ ಯಂತ್ರವನ್ನು ಅವರ ಕೋಣೆಗೇ ತಂದುಕೊಂಡಿದ್ದೇನೆ. ಸದ್ದು ನಿಂತರೆ ಕಣ್ಣು ಬಿಟ್ಟು ಹುಡುಕುತ್ತಾರೆ.

ಹೊಸ ಮರಿ ತರಲೇ ಎಂದು ಮೊನ್ನೆ ಕೇಳಿದೆ. "ಬೇಡ ಕಣೇ. ನಮ್ಮ ಕೈಲಿ ಯಾವುದನ್ನೂ ಕಾಯೋಕೆ ಆಗಲ್ಲ," ಎಂದರು. ನಾನು ಎದ್ದು ಯಂತ್ರಕ್ಕೆ ದಾರ ಪೋಣಿಸಿದೆ.

ಅವರು ನಿಮ್ಮ ವಿಚಾರ ಕೇಳಲಿಲ್ಲ. ಕೇಳಿದರೆಂದು ಸುಳ್ಳು ಬರೆದು, ಎರಡು ಹಾಳೆ ಹರಿದೆ. ಬರುವುದಾದರೆ ಬೇಗ ಬನ್ನಿ. ಬರುತ್ತೀರೆಂದು ನಾನಂತೂ ದಾರಿ ಕಾಯುತ್ತಿಲ್ಲ.

ಇಂತಿ,
ಈ ಮನೆಯಲ್ಲೇ ಉಳಿದವಳು

ತಾ.ಕ.: ಆ ಮಂಗಳವಾರ ಮುಂಗುಸಿ ಬಲೆ ಹರಿಯಲಿಲ್ಲ, ನೆಲ ತೋಡಲೂ ಇಲ್ಲ. ಅವತ್ತು ಕಾಳು ಹಾಕಿ ಗೂಡಿನ ಬಾಗಿಲು ಮುಚ್ಚುವಾಗ ಅಂಚೆಯವರು ಕೂಗಿದರು. ಚಿಲಕ ಹಾಕದೆ ಹೋದೆ. ಬಂದಿದ್ದು ನಿಮ್ಮ ವಕೀಲರು ಕಳಿಸಿದ ವಿಚ್ಛೇದನದ ಕಾಗದ. ಬೀದಿಬಾಗಿಲಲ್ಲೇ ನಿಂತು ಮೂರು ಸಲ ಓದಿದೆ. ಚಿಲಕದ ವಿಷಯ, ಕಾಗದದ ವಿಷಯ, ಎರಡನ್ನೂ ಅತ್ತೆಗೆ ಹೇಳಿಲ್ಲ. ಆ ಕಾಗದಕ್ಕೆ ಸಹಿ ಹಾಕಿ ಇದರ ಜೊತೆ ಇಟ್ಟಿದ್ದೇನೆ.