ಒದ್ದೆ ಹಗ್ಗದ ನೂರು ಗಜ

ಹಲಸೂರು, ಬೆಂಗಳೂರು ದಂಡು
೬ನೇ ಮಾರ್ಚ್ ೧೯೪೪, ಸೋಮವಾರ

ಪ್ರೀತಿಯ ಮಗ ಸಂಜೀವನಿಗೆ, ನಿನ್ನ ಅಪ್ಪ ಮುನಿರಾಜಪ್ಪ ಮಾಡುವ ಆಶೀರ್ವಾದಗಳು.

ಮೈ ಹುಷಾರಾಗಿದೆಯೇ? ಸಂಕ್ರಾಂತಿಯ ಹೊತ್ತಿಗೆ ಬಂದಿದ್ದ ಚಳಿಜ್ವರ ಮರುಕಳಿಸಿಲ್ಲ ತಾನೇ? ಅಲ್ಲಿ ಕೊಡುವ ಕಹಿ ಮಾತ್ರೆಯನ್ನು ಉಗಿಯದೆ ನುಂಗು. ಚಿಕ್ಕವನಿದ್ದಾಗ ಕಷಾಯವನ್ನು ಹಿತ್ತಲಿಗೆ ಸುರಿದು, ಕುಡಿದವನ ಹಾಗೆ ಬಾಯಿ ಒರೆಸಿಕೊಂಡು ಬರುತ್ತಿದ್ದವನು ನೀನು. ಆಗಲೂ ನನಗೆ ಗೊತ್ತಿತ್ತು, ಸುಮ್ಮನಿದ್ದೆ. ಇಲ್ಲಿ ನಿನ್ನಮ್ಮನ ಮಂಡಿನೋವು ಹಾಗೇ ಇದೆ. ರೇಷನ್ ಅಕ್ಕಿಯಲ್ಲಿ ಕಲ್ಲು ಆರಿಸುವುದೇ ಅವಳಿಗೆ ಅರ್ಧ ದಿನದ ಕೆಲಸ. ನನ್ನ ಅಕ್ಷರಗಳು ಸಡಿಲ ಮಣ್ಣಿನಲ್ಲಿ ಹೊಡೆದ ಡೇರೆಗೂಟದ ಹಾಗೆ ವಾಲಿವೆ, ಬೈಯದೆ ಓದು. ನಿನಗೆ ಹೇಳಲೇಬೇಕಾದ ಒಂದು ವಿಷಯವಿದೆ, ಅದನ್ನು ಕೊನೆಗೆ ಬರೆಯುತ್ತೇನೆ.

ಹೋದ ಗುರುವಾರ ನಿನ್ನ ಪಲ್ಟನ್ನಿನ ವಾಜಿದ್ ಮನೆಗೆ ಬಂದಿದ್ದ. ರಸೆಲ್ ಮಾರುಕಟ್ಟೆಯ ಹಿಂದಿರುವ ತಾಯಿಮನೆಯಲ್ಲಿದ್ದಾನೆ, ಎಡಗೈ ಇನ್ನೂ ಕೊರಳಿಗೆ ಕಟ್ಟಿದ ಜೋಳಿಗೆಯಲ್ಲಿದೆ. ನಿನ್ನಮ್ಮ ಅವನಿಗೆ ಮುದ್ದೆ ಇಕ್ಕಿ, ತಿನ್ನುವುದನ್ನೇ ನೋಡುತ್ತ ಕುಳಿತಳು. ಅವಳು ಒಳಗೆ ಹೋದ ಮೇಲೆ ಅವನು ನಿನ್ನ ಕೆಲಸದ ಬಗ್ಗೆ ಹೇಳಿದ. ನೀನು ಚೀಟಿ ಹಿಡಿದು ಒಂದು ದಿಬ್ಬದಿಂದ ಇನ್ನೊಂದು ದಿಬ್ಬಕ್ಕೆ ಓಡುತ್ತೀಯಂತೆ. ನಡುವೆ ನೂರು ಗಜ ಬಟ್ಟಬಯಲು, ಪಕ್ಕದ ಗುಡ್ಡದ ಮೇಲೆ ಜಪಾನಿನವರ ಮೆಷಿನ್‌ಗನ್. ಇಲ್ಲಿಯವರೆಗೆ ಬೆಳಗಿನ ಮಂಜಿನ ಮರೆಯಲ್ಲಿ ದಾಟಿದ್ದೀಯ. ಮಂಜಿನ ಕಾಲ ಮುಗಿದ ಮೇಲೆ, ಅವರು ಗುಂಡಿನ ಪಟ್ಟಿ ಬದಲಿಸುವ ಬಿಡುವಿನಲ್ಲಿ ದಾಟುವೆನೆಂದು ನೀನೇ ಸಾಹೇಬರಿಗೆ ಹೇಳಿದ್ದೀಯಂತೆ. ಆ ಬಿಡುವನ್ನು ವಾಜಿದ್ ಎಣಿಸಿದ್ದಾನೆ, ಹತ್ತೂವರೆ ಸೆಕೆಂಡು. "ಫಿಕರ್ ಮಾಡ್ಬೇಡಿ ಚಾಚಾ, ಅವನ್ದು ನೂರು ಗಜಕ್ಕೆ ಹತ್ತೇ ಸೆಕೆಂಡು. ಅರ್ಧ ಸೆಕೆಂಡು ಉಳಿಯುತ್ತೆ," ಎಂದು ನಕ್ಕ. ನಾನೂ ನಕ್ಕೆ. ಆ ಹತ್ತು ಸೆಕೆಂಡನ್ನು ಹಲಸೂರು ಸಂತೆಯಲ್ಲಿ ಸೊಪ್ಪಿನವಳಿಗೂ ಬಿಡದೆ ಹೇಳಿಕೊಂಡು ತಿರುಗಿದವನು ನಾನೇ ಅಲ್ಲವೇ?

ನೆನಪಿದೆಯೇ, ಎರಡು ವರ್ಷದ ಹಿಂದೆ ಮೈದಾನದಲ್ಲಿ ನಿನಗಾಗಿ ಓಟದ ದಾರಿ ಅಳೆದದ್ದು? ಡೇರೆಯ ನೂಲಿನ ಹಗ್ಗಕ್ಕೆ ನೂರು ಗಜದ ಗುರುತು ಕಟ್ಟಿಕೊಂಡು ಬಂದಿದ್ದೆ. ಒಂದು ತುದಿ ನಾನು ಹಿಡಿದೆ, ಇನ್ನೊಂದು ತುದಿಯನ್ನು ನಿನ್ನಮ್ಮ ಸೆರಗು ಸಿಕ್ಕಿಸಿಕೊಂಡು ಹಿಡಿದಳು. ಅವತ್ತು ಹೊಡೆದ ಗೂಟಗಳ ನಡುವೆಯೇ ನೀನು ಎರಡು ತಿಂಗಳು ಓಡಿದೆ. ಗಡಿಯಾರ ರಿಪೇರಿಯ ಅಸ್ಗರ್ ಸಾಹೇಬರು ಹತ್ತು ಭಾಗಕ್ಕೂ ಸುಣ್ಣದ ಗೆರೆ ಹಾಕಿಸಿ, ಒಂದೊಂದು ದಿನ ಒಂದೊಂದು ಗೆರೆಯ ಹತ್ತಿರ ನಿಂತು ಕಾಲ ಹಿಡಿಯುತ್ತಿದ್ದರು. ಮೊದಲ ಗೆರೆ ಮುಟ್ಟಲು ನಿನಗೆ ಹತ್ತಿರಹತ್ತಿರ ಎರಡು ಸೆಕೆಂಡು. ನಿಂತ ಮೈ ಏಳಬೇಕಲ್ಲ. ಆಮೇಲೆ ವೇಗ ಏರುತ್ತ ಹೋಗಿ, ಆರನೆಯ ಗೆರೆಯ ಹೊತ್ತಿಗೆ ಗೆರೆಯಿಂದ ಗೆರೆಗೆ ಒಂದು ಸೆಕೆಂಡೂ ಬೇಕಿರಲಿಲ್ಲ. ಎಂಟು ದಾಟಿದರೆ ಮತ್ತೆ ಇಳಿಮುಖ. ಕೊನೆಯಲ್ಲಿ ನಿನ್ನ ಕಾಲು ಇನ್ನೂ ಜೋರಾಗುತ್ತದೆಂದು ನಾನು ವಾದಿಸುತ್ತಿದ್ದೆ. "ಕಣ್ಣಿಗೆ ಹಂಗೆ ಕಾಣುತ್ತೆ ಮುನಿರಾಜಪ್ಪ. ಕೊನೇಲಿ ಯಾರೂ ಜೋರಾಗಲ್ಲ, ಕಮ್ಮಿ ನಿಧಾನ ಆದವನು ಗೆಲ್ತಾನೆ ಅಷ್ಟೇ," ಎನ್ನುತ್ತಿದ್ದರು. ಅದೇ ಗೂಟಗಳ ನಡುವೆ ದಂಡಿನ ಸಾಹೇಬ ಬಂದು ಹತ್ತು ಸೆಕೆಂಡು ಬರೆದುಕೊಂಡ. ಅದನ್ನು ನೋಡಿಯೇ ನಿನ್ನನ್ನು ಓಟದ ಕೆಲಸಕ್ಕೆ ಹಾಕಿದರು.

ಅಸ್ಗರ್ ಸಾಹೇಬರ ಇನ್ನೊಂದು ಪಾಠ ನಿನ್ನಮ್ಮನಿಗೆ ಇಂದಿಗೂ ಬಾಯಿಪಾಠ. ಮೈದಾನವನ್ನು ಒಂದು ಸುತ್ತು ಓಡಿ ಹೊರಟಲ್ಲಿಗೇ ಬಂದರೆ, ಓಡಿದ ದೂರ ನಾನೂರ ನಲವತ್ತು ಗಜ, ಆದರೆ ಇದ್ದ ಜಾಗದಿಂದ ಸರಿದದ್ದು ಸೊನ್ನೆ ಎಂದಿದ್ದರು. ಮೊನ್ನೆ ವಾಜಿದ್ ಹೋದ ಮೇಲೆ ಕಲ್ಲು ಆರಿಸುತ್ತ ಅವಳು, "ನನ್ನ ಮಗ ಎಷ್ಟಾದ್ರೂ ಓಡ್ಲಿ, ಕೊನೆಗೆ ಆ ಸೊನ್ನೆ ಬಂದ್ರೆ ಸಾಕು," ಎಂದಳು.

ದೇವರು ನಿನ್ನನ್ನು ಕಾಯಲಿ. ಅಸ್ಗರ್ ಸಾಹೇಬರು ದುವಾ ಹೇಳಿದ್ದಾರೆ. ನಿನ್ನಮ್ಮ ನಿನ್ನ ತಲೆ ಸವರಿದ್ದಾಳೆಂದು ತಿಳಿ.

ಇಂತಿ ನಿನ್ನ ತಂದೆ,
ಮುನಿರಾಜಪ್ಪ

ಮರೆತು ಬಿಟ್ಟದ್ದಲ್ಲ, ಬರೆಯಲು ಕೈ ಬಾರದೆ ಬಿಟ್ಟದ್ದು: ನಿನ್ನೆ ವಿಮಾನ ಕಾರ್ಖಾನೆಯ ಆಟೋಟಕ್ಕೆ ಡೇರೆ ಹಾಕಲು ಹೋಗಿದ್ದೆ. ಅಲ್ಲಿ ಕಬ್ಬಿಣದ ಸರಪಳಿಯಿಂದ ನೂರು ಗಜ ಅಳೆದಿದ್ದರು. ಜಂಬಕ್ಕೆ ನನ್ನ ಹಳೆಯ ಹಗ್ಗವನ್ನು ಪಕ್ಕಕ್ಕೆ ಎಳೆದು ನೋಡಿದೆ, ಸರಿಯಾಗಿತ್ತು. ಅಷ್ಟರಲ್ಲಿ ಅಕಾಲದ ಮಳೆ ಬಂತು. ನಿಂತ ಮೇಲೆ ಮತ್ತೆ ಎಳೆದರೆ ಐದು ಗಜ ಕಡಿಮೆ. ನೂಲಿನ ಹಗ್ಗ ನೆನೆದರೆ ಗಿಡ್ಡವಾಗುತ್ತದೆ ಮಗನೇ. ಮೂವತ್ತು ವರ್ಷದಿಂದ ಮಳೆ ಬಂದಾಗಲೆಲ್ಲ ಓಡಿಹೋಗಿ ಡೇರೆಯ ಹಗ್ಗ ಸಡಿಲಿಸುವವನು ನಾನು, ನನಗೇ ಹೊಳೆಯಲಿಲ್ಲ. ನಿನ್ನ ದಾರಿ ಅಳೆದ ದಿನ ಆ ಹಗ್ಗ ಹಿಂದಿನ ದಿನದ ಮಳೆಯಲ್ಲಿ ತೊಯ್ದು ಮುದ್ದೆಯಾಗಿತ್ತು. ನೀನು ಹತ್ತು ಸೆಕೆಂಡಿನಲ್ಲಿ ಓಡಿದ್ದು ತೊಂಬತ್ತೈದು ಗಜ. ಉಳಿದ ಐದು ಗಜ ಕಾಲು ಸೋಲುವ ಕಡೆಯ ಐದು. ಅದಕ್ಕೇ ಹತ್ತಿರಹತ್ತಿರ ಅರ್ಧ ಸೆಕೆಂಡು ಬೇಕು, ಅದೂ ಬರಿಗಾಲಿನಲ್ಲಿ. ನಿನ್ನ ಕಾಲಲ್ಲಿ ಬೂಟಿದೆ. ಆ ಬಿಡುವು ನಿನಗೆ ಸಾಲದು. ಓಡಬೇಡ. ತೆವಳಿಕೊಂಡು ಹೋಗು, ಕತ್ತಲಾಗುವವರೆಗೆ ಕಾಯಿ, ಇಲ್ಲ ನಾನು ಓಟಗಾರನೇ ಅಲ್ಲ ಎಂದು ಸಾಹೇಬರಿಗೆ ಹೇಳಿಬಿಡು, ಅವಮಾನ ನನ್ನ ತಲೆಗಿರಲಿ. ಈ ಕಾಗದ ಒಡೆದು ನೋಡುವ ಅಧಿಕಾರಿಗಳೇ, ಮೇಲೆ ಏನು ಬೇಕಾದರೂ ಕತ್ತರಿಸಿ, ಇದನ್ನು ಮಾತ್ರ ಕತ್ತರಿಸಬೇಡಿ. ತಂತಿ ಕೊಡಲು ಹೋದೆ, ನೀನಿರುವ ಕಡೆಗೆ ತೆಗೆದುಕೊಳ್ಳುವುದಿಲ್ಲ ಎಂದರು. ಕಾಗದ ಮುಟ್ಟಲು ಇಪ್ಪತ್ತು ದಿನವಂತೆ. ಮಂಜು ಹೆಚ್ಚೆಂದರೆ ಹದಿನೈದು ದಿನ ಇರುತ್ತದೆ ಎಂದಿದ್ದ ವಾಜಿದ್. ನಿನ್ನಮ್ಮ ಒಳಗಿನಿಂದ, ಅಷ್ಟುದ್ದ ಏನು ಬರೀತಿದ್ದೀರಿ ಎಂದು ಕೇಳುತ್ತಿದ್ದಾಳೆ. ಹಗ್ಗದ ಆ ತುದಿ ಹಿಡಿದಿದ್ದವಳು ಅವಳು. ಅವಳಿಗೆ ನಾನಿನ್ನೂ ಹೇಳಿಲ್ಲ.