ದೊಡ್ಡ ಕೆರೆಗೆ ಇಬ್ಬರ ಗಂಟುಮೂಟೆ

ಸೈಕಲ್ ರಿಪೇರಿ ಅಂಗಡಿ,
ಏಪ್ರಿಲ್ ೪, ಮಧ್ಯಾಹ್ನ

ಚಿರಂಜೀವಿ ಅಳಿಯನಿಗೆ, ನಿನ್ನ ಒಬ್ಬನೇ ಒಬ್ಬ ಸೋದರಮಾವನ ಆಶೀರ್ವಾದಗಳು.

ಹೇಗಿದ್ದೀಯ? ಲಾರಿ ಓಡಿಸಿ ಓಡಿಸಿ ಹಿಡಿದುಕೊಂಡಿದ್ದ ಸೊಂಟ ಈಗ ಬಿಟ್ಟಿದೆಯೇ? ಹೊತ್ತಿಗೆ ಸರಿಯಾಗಿ ಊಟ ಮಾಡು. ನನ್ನ ಆರೋಗ್ಯ ಕೇಳಲೇಬೇಡ, ಗುಂಡುಕಲ್ಲು. ಮೊನ್ನೆ ಪಕ್ಕದಂಗಡಿಯ ಕ್ಷೌರಿಕ "ನಿಮಗೆ ವಯಸ್ಸೇ ಆಗಲ್ವಲ್ಲ ಯಜಮಾನ್ರೆ" ಎಂದ. ತಲೆಯಲ್ಲಿ ಕತ್ತರಿಸಲು ಏನೂ ಸಿಗದೆ ಹೊಗಳಿ ಕಳಿಸಿದ್ದಾನೆ ಎಂದು ನಿನ್ನಮ್ಮ ಆಡಿಕೊಂಡಳು. ಇರಲಿ, ತಂಗಿಗೆ ಹೊಟ್ಟೆಕಿಚ್ಚು.

ವಿಷಯ ಏನೆಂದರೆ, ಬರುವ ತಿಂಗಳು ಒಂದು ವಾರ ಅಂಗಡಿಗೆ ಬೀಗ. ದೊಡ್ಡ ಕೆರೆಯ ದಡದಲ್ಲಿ ಗುಡಾರ ಹಾಕಿ ಮೀನು ಹಿಡಿಯುವುದು, ನೀನೂ ನಾನೂ. ಸಿದ್ಧತೆಯಲ್ಲಿ ನನ್ನನ್ನು ಮೀರಿಸುವವನು ಇನ್ನೂ ಹುಟ್ಟಬೇಕು. ಗಾಳದ ದಾರಕ್ಕೆ ಭಾರ ಕಟ್ಟಲು ಸವೆದ ನಟ್ಟುಗಳನ್ನು ಆರಿಸಿಟ್ಟಿದ್ದೇನೆ. ಗುಡಾರದ ಹರುಕಿಗೆ ಟ್ಯೂಬಿನ ತೇಪೆ ಹಾಕಿ, ಪಂಕ್ಚರ್ ನೋಡುವ ಹಾಗೆಯೇ ಇಡೀ ಗುಡಾರವನ್ನು ನೀರಿನ ತೊಟ್ಟಿಯಲ್ಲಿ ಮುಳುಗಿಸಿ ಪರೀಕ್ಷೆ ಮಾಡಿದೆ. ಗುಳ್ಳೆ ಬರಲಿಲ್ಲ. ಆದರೆ ಒಣಗುವವರೆಗೆ ಅದನ್ನು ಅಂಗಡಿಯೊಳಗೇ ನೇತುಹಾಕಬೇಕಾಗಿ ಬಂದು, ಗಿರಾಕಿಗಳೆಲ್ಲ ತಲೆ ಬಗ್ಗಿಸಿಕೊಂಡೇ ಒಳಗೆ ಬಂದರು. ನಿನ್ನ ಮಾವನ ಗೌರವ ಅಂಥದ್ದು.

ನಿನ್ನಮ್ಮ ಮಾತ್ರ "ಅವನಿಗೆಲ್ಲಿ ರಜ ಸಿಗತ್ತಣ್ಣಾ, ಸುಮ್ನೆ ಆಸೆ ಇಟ್ಕೋಬೇಡ" ಎನ್ನುತ್ತಾಳೆ. ಅವಳಿಗೇನು ಗೊತ್ತು? ಮಾವ ಕರೆದರೆ ಅಳಿಯ ಅರ್ಧ ದಾರಿಯಿಂದ ಲಾರಿ ತಿರುಗಿಸಿಕೊಂಡು ಬರುತ್ತಾನೆ ಎಂದು ಕ್ಷೌರಿಕನ ಎದುರಿಗೆ ಹೇಳಿಬಿಟ್ಟಿದ್ದೇನೆ.

ನಮ್ಮ ಪಂದ್ಯ ನೆನಪಿದೆ ತಾನೇ? ಗಾಳ ಹಾಕಿ ಕೂತಾಗ ಮೊದಲು ಮಾತಾಡಿದವರು ಎಲ್ಲರ ಪಾತ್ರೆ ತೊಳೆಯಬೇಕು. ನಿನ್ನ ಅತ್ತೆ ಒಂದು ಸಲವೂ ಗೆದ್ದವಳಲ್ಲ. ತಣ್ಣನೆ ಗಾಳಿ ಬೀಸಿದರೆ ಸಾಕು, "ಎಷ್ಟು ಚೆನ್ನಾಗಿದೆ ಅಲ್ವಾ" ಎಂದುಬಿಡುತ್ತಿದ್ದಳು. ಅವಳು ತೀರಿಕೊಂಡ ಮೇಲೆ, ಹೋದ ಬೇಸಿಗೆಯಲ್ಲಿ, ನಾನೊಬ್ಬನೇ ಹೋಗಿದ್ದೆ. ತೋಳುದ್ದದ ಮೀನು ಬಿತ್ತು, ಸುಳ್ಳಲ್ಲ. "ನೋಡು" ಎನ್ನಲು ಪಕ್ಕದಲ್ಲಿ ಯಾರೂ ಇರಲಿಲ್ಲ, ತಿರುಗಿ ನೀರಿಗೇ ಬಿಟ್ಟೆ. ಕತ್ತಲಾಗುವವರೆಗೂ ಬಾಯಿ ತೆರೆಯಲಿಲ್ಲ. ಪಂದ್ಯ ಗೆದ್ದವನೂ ನಾನೇ, ಪಾತ್ರೆ ತೊಳೆದವನೂ ನಾನೇ. ಇದ್ದದ್ದು ಒಂದೇ ತಟ್ಟೆ. ಆದರೂ ತೊಳೆದು ಏಳಲು ಬಹಳ ಹೊತ್ತು ಹಿಡಿಯಿತು.

ಇರಲಿ ಬಿಡು. ನಿದ್ದೆಗಣ್ಣಲ್ಲಿ ಸ್ಟೇರಿಂಗ್ ಮುಟ್ಟಬೇಡ. ಹೋದ ದಾರಿಯೆಲ್ಲ ನಿನಗೆ ಸಲೀಸಾಗಲಿ.

ಇಂತಿ,
ಹೆಸರು ಕೇಳಿದರೆ ಮೀನುಗಳು ನಡುಗುವ
ನಿನ್ನ ಮಾವ

ತಾ.ಕ.: ಅಂಚೆ ಡಬ್ಬಿ ತೆಗೆಯುವ ಹೊತ್ತಾಯಿತು, ಅವಸರದಲ್ಲಿ ಬರೆಯುತ್ತಿದ್ದೇನೆ. ರಜ ಸಿಗದಿದ್ದರೆ ನಾನು ಬೈಯುವುದಿಲ್ಲ. ಬರುವುದಿಲ್ಲ ಎಂದು ಮಾತ್ರ ಈಗಲೇ ಬರೆಯಬೇಡ. ಬೇಸಿಗೆ ಕಳೆದ ಮೇಲೆ ಬರಿ. ಅಲ್ಲಿಯವರೆಗೆ, ಸಂಜೆ ಅಂಗಡಿ ಮುಚ್ಚಿದ ಮೇಲೆ, ಇಬ್ಬರ ಸಾಮಾನು ಜೋಡಿಸುವ ಕೆಲಸವಾದರೂ ನನಗಿರುತ್ತದೆ.